ಐಡಿಯಾ ಫಸ್ಟ್ ಕ್ಲಾಸ್, ಕಾದಂಬರಿ ಜಸ್ಟ್ ಪಾಸ್: ‘ಫ್ರೀ ಫೈರ್’ ಕಲಿಸುವ ಪಾಠ

‘ಫ್ರೀ ಫೈರ್’ ಅಂದ ಕೂಡಲೇ ಹಾಸ್ಟೆಲ್‌ನಲ್ಲಿ ರಾತ್ರಿ ಎರಡು ಗಂಟೆವರೆಗೂ ಆಡೋ ಮೊಬೈಲ್ ಗೇಮ್ ನೆನಪಾಗಿರುತ್ತೆ. ಇದು ಅದಲ್ಲ. ಇದು ಅಮೆರಿಕದ ಲೇಖಕ ಸಿ. ಜೆ. ಬಾಕ್ಸ್ 2007ರಲ್ಲಿ ಬರೆದ ಒಂದು ಇಂಗ್ಲಿಷ್ ಪತ್ತೇದಾರಿ ಕಾದಂಬರಿ. ಕಥೆ ನಡೆಯೋದು ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ. ಬಾಕ್ಸ್ ಸ್ವತಃ ವಯೋಮಿಂಗ್ ರಾಜ್ಯದವರು. ಜೋ ಪಿಕೆಟ್ ಅನ್ನೋ ವನ್ಯಜೀವಿ ಅಧಿಕಾರಿಯನ್ನು ನಾಯಕನನ್ನಾಗಿ ಇಟ್ಟುಕೊಂಡು ಅವರು ಬರೆಯುತ್ತಿರುವ ಸರಣಿಯಲ್ಲಿ ಇದು ಏಳನೆಯದು.

ನನಗೆ ಈ ಪುಸ್ತಕ ನಿರಾಸೆ ಮಾಡಿತು. ಆದರೆ ‘ಚೆನ್ನಾಗಿಲ್ಲ, ಓದಬೇಡಿ’ ಅಂತ ಹೇಳಿ ಮುಗಿಸೋಕೆ ಈ ಲೇಖನ ಬರೀತಿಲ್ಲ. ಕೆಟ್ಟ ಪುಸ್ತಕದಿಂದ ನಿರಾಸೆ ಆಗಲ್ಲ, ಅದನ್ನು ಇಪ್ಪತ್ತನೇ ಪುಟದಲ್ಲೇ ಮುಚ್ಚಿಡ್ತೀವಿ. ನಿರಾಸೆ ಆಗೋದು ದೊಡ್ಡ ಆಸೆ ಹುಟ್ಟಿಸಿದ ಪುಸ್ತಕದಿಂದ. ಆ ಆಸೆ ಎಲ್ಲಿ ಹುಟ್ಟಿತು, ಎಲ್ಲಿ ಸೋರಿಹೋಯಿತು ಅಂತ ಹುಡುಕಿದರೆ ಕಥೆ ಓದುವವರಿಗೂ ಬರೆಯುವವರಿಗೂ ಉಪಯೋಗ ಆಗುತ್ತೆ. ಲ್ಯಾಬ್‌ನಲ್ಲಿ ಕೆಲಸ ಮಾಡದ ಸರ್ಕ್ಯೂಟನ್ನು ಮಲ್ಟಿಮೀಟರ್ ಹಿಡಿದು ಒಂದೊಂದೇ ಪಾಯಿಂಟ್ ಚೆಕ್ ಮಾಡ್ತೀವಲ್ಲ, ಹಾಗೇ ಇದನ್ನೂ ನೋಡೋಣ. ಕೊನೆಯಲ್ಲಿ ಏನಾಗುತ್ತೆ ಅಂತ ಮಾತ್ರ ಹೇಳಲ್ಲ.

ಕಥೆ ಶುರುವಾಗೋದು ಹೀಗೆ

ಕ್ಲೇ ಮೆಕ್ಯಾನ್ ಅನ್ನೋ ಒಬ್ಬ ಸಾಧಾರಣ ವಕೀಲ ಯೆಲ್ಲೋಸ್ಟೋನ್‌ನ ಒಂದು ಮೂಲೆಯಲ್ಲಿರೋ ರೇಂಜರ್ ಠಾಣೆಗೆ ನಡೆದುಕೊಂಡು ಬರ್ತಾನೆ. ಬಂದೂಕುಗಳನ್ನು ಮೇಜಿನ ಮೇಲಿಡ್ತಾನೆ. ರಾಬಿನ್ಸನ್ ಲೇಕ್ ಹತ್ತಿರ ಟೆಂಟ್ ಹಾಕಿದ್ದ ನಾಲ್ಕು ಜನರನ್ನು ಈಗಷ್ಟೇ ಕೊಂದುಬಂದೆ ಅಂತ ಆರಾಮಾಗಿ ಒಪ್ಪಿಕೊಳ್ತಾನೆ. ಕೊಲೆಗಾರ ಯಾರು ಅನ್ನೋದರಲ್ಲಿ ಗುಟ್ಟೇ ಇಲ್ಲ. ಆದರೂ ಅವನಿಗೆ ಶಿಕ್ಷೆ ಆಗಲ್ಲ, ಯಾಕಂದ್ರೆ ಅವನ ವಿಚಾರಣೆ ನಡೆಸೋಕೆ ಕಾನೂನಿನಲ್ಲಿ ದಾರಿಯೇ ಇಲ್ಲ. ಅವನು ಹೊರಗೆ ಬರ್ತಾನೆ.

ಜೋ ಪಿಕೆಟ್ ಆ ಹೊತ್ತಿಗೆ ಕೆಲಸ ಕಳೆದುಕೊಂಡಿರ್ತಾನೆ. ವಯೋಮಿಂಗ್ ಗವರ್ನರ್ ಸ್ಪೆನ್ಸರ್ ರೂಲನ್ ಅವನನ್ನು ಕರೆಸಿ, ಈ ಕೊಲೆಗಳ ಹಿಂದೆ ಏನಿದೆ ಅಂತ ಸದ್ದಿಲ್ಲದೆ ನೋಡಿಕೊಂಡು ಬಾ ಅಂತ ಕಳಿಸ್ತಾನೆ. ಅಲ್ಲಿಗೆ ‘ಕೊಂದವರು ಯಾರು’ ಅನ್ನೋ ಪ್ರಶ್ನೆ ಹೋಗಿ ‘ಯಾಕೆ ಕೊಂದ’ ಅನ್ನೋ ಪ್ರಶ್ನೆ ಬರುತ್ತೆ.

ಇಷ್ಟು ಓದಿದಾಗ ಯಾರಿಗಾದರೂ ಪುಸ್ತಕ ಕೆಳಗಿಡೋ ಮನಸ್ಸು ಬರಲ್ಲ. ಇನ್ನೊಂದು ವಿಷಯ ಗೊತ್ತಾದ ಮೇಲಂತೂ ಬರೋದೇ ಇಲ್ಲ: ಈ ಕಾನೂನಿನ ಲೋಪ ಲೇಖಕರ ಕಲ್ಪನೆ ಅಲ್ಲ. ಅದು ನಿಜವಾಗಿಯೂ ಇದೆ.

ಕಾನೂನಿನೊಳಗೆ ಒಂದು ಬಗ್

ಯೆಲ್ಲೋಸ್ಟೋನ್ ಉದ್ಯಾನ ಆಗಿದ್ದು 1872ರಲ್ಲಿ. ಆಗ ಸುತ್ತಮುತ್ತಲ ಪ್ರದೇಶಗಳು ಇನ್ನೂ ರಾಜ್ಯಗಳೇ ಆಗಿರಲಿಲ್ಲ. ಮೊಂಟಾನಾ 1889ರಲ್ಲಿ, ಐಡಹೋ ಮತ್ತು ವಯೋಮಿಂಗ್ 1890ರಲ್ಲಿ ರಾಜ್ಯಗಳಾದವು. ಗಡಿ ಗೆರೆ ಎಳೆದಾಗ ಸುಮಾರು 9,000 ಚದರ ಕಿಲೋಮೀಟರಿನ ಉದ್ಯಾನದ ಶೇ. 96ರಷ್ಟು ವಯೋಮಿಂಗ್‌ನಲ್ಲಿ, ಶೇ. 3ರಷ್ಟು ಮೊಂಟಾನಾದಲ್ಲಿ, ಶೇ. 1ರಷ್ಟು ಐಡಹೋದಲ್ಲಿ ಉಳಿಯಿತು. ಐಡಹೋದ ಪಾಲು ಪಶ್ಚಿಮದ ಅಂಚಿನಲ್ಲಿರೋ ಒಂದು ಪಟ್ಟಿ, ಸುಮಾರು 130 ಚದರ ಕಿಲೋಮೀಟರ್.

ಅಮೆರಿಕದ ಕೇಂದ್ರ ನ್ಯಾಯಾಲಯಗಳನ್ನು ಜಿಲ್ಲೆಗಳಾಗಿ ಹಂಚಿದ್ದಾರೆ. ಸಾಮಾನ್ಯವಾಗಿ ಒಂದು ಜಿಲ್ಲೆ ಒಂದು ರಾಜ್ಯದ ಗಡಿ ದಾಟಲ್ಲ. ಆದರೆ ಉದ್ಯಾನ ಒಂದೇ, ಆಡಳಿತವೂ ಒಂದೇ ಇರಲಿ ಅಂತ ಅಲ್ಲಿನ ಕಾಂಗ್ರೆಸ್ ಇಡೀ ಯೆಲ್ಲೋಸ್ಟೋನನ್ನು ವಯೋಮಿಂಗ್ ಜಿಲ್ಲೆಗೆ ಸೇರಿಸಿತು. ಐಡಹೋದ ಪಟ್ಟಿಯೂ ವಯೋಮಿಂಗ್ ಜಿಲ್ಲೆಯೊಳಗೇ ಬಂತು.

ಈಗ ಸಂವಿಧಾನ ನೋಡಿ. ಅಮೆರಿಕದ ಸಂವಿಧಾನದ ಮೂರನೇ ವಿಧಿ ಹೇಳೋದು: ಅಪರಾಧ ನಡೆದ ರಾಜ್ಯದಲ್ಲೇ ವಿಚಾರಣೆ ಆಗಬೇಕು. ಆರನೇ ತಿದ್ದುಪಡಿ ಹೇಳೋದು: ಜ್ಯೂರಿಯಲ್ಲಿ ಕೂರೋ ಜನ ಅಪರಾಧ ನಡೆದ ರಾಜ್ಯದವರೂ ಆಗಿರಬೇಕು, ಅಪರಾಧ ನಡೆದ ಜಿಲ್ಲೆಯವರೂ ಆಗಿರಬೇಕು. ಎರಡೂ ಷರತ್ತು ಒಟ್ಟಿಗೆ.

ಡಿಸ್ಕ್ರೀಟ್ ಮ್ಯಾಥ್ಸ್ ಕ್ಲಾಸ್ ನೆನಪಿಸಿಕೊಳ್ಳಿ. ಎ ಅಂದ್ರೆ ಐಡಹೋ ರಾಜ್ಯದ ನಿವಾಸಿಗಳು. ಬಿ ಅಂದ್ರೆ ವಯೋಮಿಂಗ್ ಜಿಲ್ಲೆಯ ನಿವಾಸಿಗಳು. ಜ್ಯೂರಿ ಬರಬೇಕಾದ್ದು ಎ ಮತ್ತು ಬಿ ಎರಡೂ ಸೇರೋ ಜಾಗದಿಂದ. ಆ ಜಾಗ ಅಂದ್ರೆ ಉದ್ಯಾನದೊಳಗಿನ ಐಡಹೋ ಪಟ್ಟಿ. ಅಲ್ಲಿ ಕಾಡಿದೆ, ಕರಡಿ ಇದೆ, ಹೊಳೆ ಇದೆ. ಮನೆ ಮಾಡಿಕೊಂಡಿರೋ ಮನುಷ್ಯ ಒಬ್ಬನೂ ಇಲ್ಲ. ಶೂನ್ಯ ಗಣದಿಂದ ಹನ್ನೆರಡು ಜನರನ್ನು ಆರಿಸೋದು ಹೇಗೆ? ಜ್ಯೂರಿ ಇಲ್ಲದಿದ್ದರೆ ದೊಡ್ಡ ಅಪರಾಧದ ವಿಚಾರಣೆ ಇಲ್ಲ, ವಿಚಾರಣೆ ಇಲ್ಲದಿದ್ದರೆ ಶಿಕ್ಷೆಯೂ ಇಲ್ಲ.

ಇದನ್ನು ಹುಡುಕಿದವರು ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ ಬ್ರಯಾನ್ ಕಾಲ್ಟ್. ಜಾರ್ಜ್‌ಟೌನ್ ಲಾ ಜರ್ನಲ್‌ನಲ್ಲಿ 2005ರಲ್ಲಿ ಅವರ ಲೇಖನ ಬಂತು. ಅದರ ಹೆಸರು ‘ದಿ ಪರ್ಫೆಕ್ಟ್ ಕ್ರೈಮ್’. ಲೇಖನ ಹೊರಗೆ ಬರೋದಕ್ಕೆ ಮೊದಲೇ ಅವರು ಸರ್ಕಾರದವರಿಗೆ ಪತ್ರ ಬರೆದು, ಇಲ್ಲೊಂದು ತೂತಿದೆ, ಮುಚ್ಚಿ ಅಂತ ತಿಳಿಸಿದ್ದರು. ಸೈಬರ್ ಸೆಕ್ಯುರಿಟಿಯವರು ಬಗ್ ಸಿಕ್ಕರೆ ಮೊದಲು ಕಂಪನಿಗೆ ತಿಳಿಸಿ ಆಮೇಲೆ ಪ್ರಕಟಿಸ್ತಾರಲ್ಲ, ಅದೇ ರೀತಿ. ಪ್ಯಾಚ್ ಕೂಡ ಚಿಕ್ಕದೇ: ಐಡಹೋದ ಪಟ್ಟಿಯನ್ನು ಐಡಹೋ ಜಿಲ್ಲೆಗೆ ಸೇರಿಸಿ ಅಂತ ಒಂದು ವಾಕ್ಯದ ಕಾನೂನು. ಆ ವಾಕ್ಯವನ್ನು ಕಾಂಗ್ರೆಸ್ ಬರೆಯಲಿಲ್ಲ.

ಬಗ್ಗು ಬರೀ ಕಾಗದದ ಮೇಲೆ ಇತ್ತು ಅಂತಲೂ ಅಲ್ಲ. ಉದ್ಯಾನದ ಮೊಂಟಾನಾ ಭಾಗದಲ್ಲಿ 2005ರಲ್ಲಿ ಒಬ್ಬ ವ್ಯಕ್ತಿ ಅಕ್ರಮವಾಗಿ ಎಲ್ಕ್ ಜಿಂಕೆಯನ್ನು ಹೊಡೆದು ಸಿಕ್ಕಿಬಿದ್ದ. ಅವನು ಇದೇ ವಾದವನ್ನು ಕೋರ್ಟಿನಲ್ಲಿ ಎತ್ತಿದ. ನ್ಯಾಯಾಧೀಶರು ಒಪ್ಪಲಿಲ್ಲ. ಆಮೇಲೆ ತಪ್ಪೊಪ್ಪಿಗೆಯ ಒಪ್ಪಂದ ಆಯಿತು. ಈ ಪ್ರಶ್ನೆಯನ್ನು ಮೇಲಿನ ಕೋರ್ಟಿಗೆ ಒಯ್ಯಬಾರದು ಅನ್ನೋದು ಆ ಒಪ್ಪಂದದ ಒಂದು ಷರತ್ತು. ಹಾಗಾಗಿ ಮೇಲಿನ ಕೋರ್ಟಿಂದ ಉತ್ತರವೇ ಬರಲಿಲ್ಲ.

ಹಾಗಾದ್ರೆ ಕಾದಂಬರಿ ಎಲ್ಲಿ ಎಡವಿತು?

ಇಷ್ಟು ಒಳ್ಳೆ ಕಚ್ಚಾ ವಸ್ತು ಕೈಯಲ್ಲಿದ್ದೂ ಪುಸ್ತಕ ಮುಗಿಸಿದಾಗ ಹೊಟ್ಟೆ ತುಂಬಲ್ಲ. ಯಾಕೆ ಅಂತ ನಾಲ್ಕು ಪರೀಕ್ಷೆಗಳಲ್ಲಿ ನೋಡೋಣ. ಇವನ್ನು ಯಾವ ಪತ್ತೇದಾರಿ ಕಥೆಗೆ ಬೇಕಾದರೂ ಹಚ್ಚಬಹುದು.

ಒಂದನೇ ಪರೀಕ್ಷೆ: ಕಥೆ ಎತ್ತಿದ ಪ್ರಶ್ನೆಗೇ ಉತ್ತರ ಕೊಡುತ್ತಾ? ಮೊದಲ ಅಧ್ಯಾಯ ನಮ್ಮ ತಲೆಯಲ್ಲಿ ಇಡೋ ಪ್ರಶ್ನೆ ‘ಕಾನೂನಿಗೆ ಸಿಗದವನನ್ನು ಕಾನೂನು ಹೇಗೆ ಹಿಡಿಯುತ್ತೆ?’ ಅನ್ನೋದು. ನಿಜ ಜೀವನದಲ್ಲಿ ಇದಕ್ಕೆ ಕುತೂಹಲದ ಉತ್ತರಗಳಿವೆ. ಕೊಲೆಯ ಸಂಚು ಪಟ್ಟಿಯ ಹೊರಗೆ ನಡೆದಿದ್ದರೆ ಸಂಚಿನ ಕೇಸನ್ನು ಅಲ್ಲಿ ಹಾಕಬಹುದು. ಜ್ಯೂರಿ ಬೇಕಿಲ್ಲದ ಸಣ್ಣ ಅಪರಾಧಗಳ ಕೇಸುಗಳನ್ನು ಒಂದರ ಮೇಲೊಂದು ಹಾಕಬಹುದು. ಸತ್ತವರ ಮನೆಯವರು ಪರಿಹಾರಕ್ಕಾಗಿ ಸಿವಿಲ್ ದಾವೆ ಹೂಡಬಹುದು. ಒಬ್ಬ ಚಾಲಾಕಿ ವಕೀಲನಿಗೂ ಒಬ್ಬ ಹಟಮಾರಿ ಅಧಿಕಾರಿಗೂ ಮಧ್ಯೆ ಇಂಥ ಚದುರಂಗ ನಡೆದಿದ್ದರೆ ಎಷ್ಟು ಚೆನ್ನಾಗಿರ್ತಿತ್ತು! ಕಾದಂಬರಿಯಲ್ಲಿ ಕೋರ್ಟಿನ ಕಥೆ ಶುರುವಿನಲ್ಲೇ ಮುಗಿದುಹೋಗುತ್ತೆ. ಆಮೇಲೆ ನಡೆಯೋದು ಮಾಮೂಲಿ ಥ್ರಿಲ್ಲರ್: ಬೆನ್ನಟ್ಟುವವರು, ಬಂದೂಕು, ದುಡ್ಡಿನ ಕಂಪನಿ. ಲೋಪ ಕಥೆಗೆ ಗೇಟು ತೆಗೆಯುತ್ತೆ ಅಷ್ಟೇ, ಒಳಗೆ ಬಂದ ಮೇಲೆ ಅದಕ್ಕೆ ಹೆಚ್ಚು ಕೆಲಸ ಇಲ್ಲ.

ಎರಡನೇ ಪರೀಕ್ಷೆ: ಓದುಗನಿಗೂ ಪತ್ತೇದಾರನಿಗೂ ಸಮಾನ ಅವಕಾಶ ಇದೆಯಾ? ಪತ್ತೇದಾರಿ ಕಥೆಗಳಲ್ಲಿ ಇದು ಹಳೇ ನಿಯಮ. ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ 1929ರಲ್ಲಿ ಇಂಥ ಹತ್ತು ನಿಯಮಗಳನ್ನೇ ಪಟ್ಟಿ ಮಾಡಿದ್ದರು. ಪತ್ತೇದಾರನಿಗೆ ಸಿಕ್ಕ ಸುಳಿವನ್ನು ಓದುಗನಿಂದ ಮುಚ್ಚಿಡಬಾರದು ಅನ್ನೋದು ಅದರ ಸಾರಗಳಲ್ಲಿ ಒಂದು. ‘ಫ್ರೀ ಫೈರ್’ ಸುಳ್ಳು ಹೇಳಲ್ಲ, ಆದರೆ ‘ಯಾಕೆ’ ಅನ್ನೋದರ ಉತ್ತರ ನಾವು ಕೂಡಿ ಕಳೆದು ತಲುಪೋ ಉತ್ತರ ಅಲ್ಲ. ಯಾರೋ ಒಬ್ಬರು ಕೂತು ವಿವರವಾಗಿ ಹೇಳ್ತಾರೆ, ಜೋ ಕೇಳಿಸಿಕೊಳ್ತಾನೆ, ಅವನ ಜೊತೆ ನಾವೂ ಕೇಳಿಸಿಕೊಳ್ತೀವಿ. ಎಕ್ಸಾಮ್ ಹಿಂದಿನ ದಿನ ಸೀನಿಯರ್ ಬಂದು ಉತ್ತರ ಹೇಳಿಕೊಟ್ಟ ಹಾಗೆ. ಮಾರ್ಕ್ಸ್ ಬರುತ್ತೆ, ಖುಷಿ ಬರಲ್ಲ.

ಮೂರನೇ ಪರೀಕ್ಷೆ: ಸತ್ತವರು ಮನುಷ್ಯರಾಗಿದ್ದಾರಾ? ನಾಲ್ಕು ಜನ ಸತ್ತಿದ್ದಾರೆ. ಪುಸ್ತಕ ಮುಚ್ಚಿದ ಮೇಲೆ ಕೊಂದವನ ಮುಖ ನೆನಪಿರುತ್ತೆ, ಗವರ್ನರನ ಮಾತಿನ ಧಾಟಿ ನೆನಪಿರುತ್ತೆ. ಆ ನಾಲ್ವರಲ್ಲಿ ಒಬ್ಬರೂ ನೆನಪಿರಲ್ಲ. ಕಾನೂನಿನ ಲೋಪ ನಮಗೆ ತಮಾಷೆಯ ಪಜ಼ಲ್ ಆಗಿ ಕಾಣೋದು ಸತ್ತವರ ಕಡೆಯಿಂದ ನೋಡದೆ ಇದ್ದಾಗ ಮಾತ್ರ. ಅವರ ಅಪ್ಪ ಅಮ್ಮಂದಿರಲ್ಲಿ ಒಬ್ಬರನ್ನಾದರೂ ಕಥೆಯ ಮಧ್ಯಕ್ಕೆ ತಂದಿದ್ದರೆ, ‘ನನ್ನ ಮಗುವನ್ನು ಕೊಂದವನು ಯಾರು ಅಂತ ಎಲ್ಲರಿಗೂ ಗೊತ್ತು, ಆದರೂ ಏನೂ ಮಾಡೋಕಾಗಲ್ಲ’ ಅನ್ನೋ ಮಾತಿನ ಭಾರ ನಮಗೂ ತಟ್ಟುತ್ತಿತ್ತು.

ನಾಲ್ಕನೇ ಪರೀಕ್ಷೆ: ಜಾಗ ಬದಲಾಯಿಸಿದರೆ ಕಥೆ ನಿಲ್ಲುತ್ತಾ? ಕಾಡಿನ ಕಥೆಗೆ ಇದೇ ದೊಡ್ಡ ಪರೀಕ್ಷೆ. ನಮ್ಮ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ತಗೊಳ್ಳಿ. ಅದು ಪತ್ತೇದಾರಿ ಕಾದಂಬರಿ ಅಲ್ಲ, ಆದರೂ ಹಾರುವ ಓತಿಯ ಹುಡುಕಾಟ ಯಾವ ಮಿಸ್ಟರಿಗೂ ಕಡಿಮೆ ಇಲ್ಲ. ಅಲ್ಲಿ ಮಂದಣ್ಣನ ಗಮನಿಸೋ ಕಣ್ಣು ಇಲ್ಲದಿದ್ದರೆ, ಪಶ್ಚಿಮ ಘಟ್ಟದ ಆ ಕಾಡು ಇಲ್ಲದಿದ್ದರೆ ಕಥೆಯೇ ಇಲ್ಲ. ‘ಫ್ರೀ ಫೈರ್’ ಈ ಪರೀಕ್ಷೆಯಲ್ಲಿ ಅರ್ಧ ಪಾಸ್. ಲೋಪ ಬೇರೆ ಕಡೆ ಇಲ್ಲ, ಬಿಸಿನೀರಿನ ಬುಗ್ಗೆಗಳೂ ಬೇರೆ ಕಡೆ ಅಷ್ಟಿಲ್ಲ. ಆದರೆ ಕಥೆ ಹೆಚ್ಚು ಓಡಾಡೋದು ಆ ಖಾಲಿ ಪಟ್ಟಿಯಲ್ಲಲ್ಲ, ಪ್ರವಾಸಿಗರು ನೋಡೋ ಯೆಲ್ಲೋಸ್ಟೋನ್‌ನಲ್ಲಿ. ಯಾರೂ ವಾಸ ಇಲ್ಲದ, ಶಿಕ್ಷೆಯೂ ಇಲ್ಲದ ಜಾಗದಲ್ಲಿ ಒಬ್ಬನೇ ನಿಂತರೆ ಮನುಷ್ಯನಿಗೆ ಏನನ್ನಿಸುತ್ತೆ? ಆ ಭಯವನ್ನು ಇನ್ನಷ್ಟು ಬರೆಯಬೇಕಿತ್ತು.

ಚೆನ್ನಾಗಿರೋದನ್ನೂ ಹೇಳಬೇಕು

ಯೆಲ್ಲೋಸ್ಟೋನ್ ಬಾಕ್ಸ್ ಅವರಿಗೆ ಚೆನ್ನಾಗಿ ಗೊತ್ತು. ನೆಲದಿಂದ ಏಳೋ ಹಬೆ, ಗಂಧಕದ ವಾಸನೆ, ಸೀಸನ್ ಮುಗಿದ ಮೇಲೆ ಖಾಲಿಯಾಗೋ ಹೋಟೆಲುಗಳು, ರಾಜ್ಯದ ಅಧಿಕಾರಿ ಬಂದರೆ ಕೇಂದ್ರದವರು ಮುಖ ಸಿಂಡರಿಸೋ ರೀತಿ, ಇವೆಲ್ಲ ನಂಬೋ ಹಾಗಿವೆ. ಜೋ ಪಿಕೆಟ್ ಕೂಡ ಸೂಪರ್ ಹೀರೋ ಅಲ್ಲ. ಸಂಬಳದ ಚಿಂತೆ ಇರೋ, ಹೆಂಡತಿ ಮಕ್ಕಳನ್ನು ಬಿಟ್ಟು ದೂರ ಬಂದು ಬೇಜಾರಾಗೋ ಮನುಷ್ಯ. ಸರಣಿಯ ಬೇರೆ ಪುಸ್ತಕಗಳನ್ನು ಓದೋ ಆಸೆ ನನಗೆ ಇನ್ನೂ ಇರೋದು ಅವನಿಂದಲೇ.

ಬುಗ್ಗೆಯೊಳಗಿನ ನಿಜವಾದ ಮಿಸ್ಟರಿ

ಕೊಲೆಯ ಕಾರಣ ಹುಡುಕ್ತಾ ಹೋದ ಹಾಗೆ ಕಾದಂಬರಿ ಬಿಸಿನೀರಿನ ಬುಗ್ಗೆಗಳ ಸೂಕ್ಷ್ಮಜೀವಿಗಳ ಕಡೆಗೆ, ಅವುಗಳಿಂದ ದುಡ್ಡು ಮಾಡಲು ಹೊರಟವರ ಕಡೆಗೆ ತಿರುಗುತ್ತೆ. ಇದಕ್ಕೂ ನಿಜವಾದ ಹಿನ್ನೆಲೆ ಇದೆ. ನನ್ನ ಪ್ರಕಾರ ಈ ಹಿನ್ನೆಲೆ ಕಾದಂಬರಿಗಿಂತ ರೋಚಕ.

ಥಾಮಸ್ ಬ್ರಾಕ್ ಅನ್ನೋ ವಿಜ್ಞಾನಿ ಮತ್ತು ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ 1966ರಲ್ಲಿ ಯೆಲ್ಲೋಸ್ಟೋನ್‌ನ ಒಂದು ಬುಗ್ಗೆಯಿಂದ ಮಾದರಿ ತೆಗೆದರು. ಸುಮಾರು 70 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಆರಾಮಾಗಿ ಬೆಳೆಯೋ ಬ್ಯಾಕ್ಟೀರಿಯಾ ಅವರಿಗೆ ಸಿಕ್ಕಿತು. ಅದಕ್ಕೆ ಥರ್ಮಸ್ ಅಕ್ವಾಟಿಕಸ್ ಅಂತ ಹೆಸರಿಟ್ಟರು. ಆಗ ಇದರಿಂದ ಏನು ಪ್ರಯೋಜನ ಅಂತ ಯಾರಿಗೂ ಗೊತ್ತಿರಲಿಲ್ಲ. ಫ್ರೀಜ್ ಆಗಿನ್ನೂ ಡಿಗ್ರಿ ಓದ್ತಿದ್ದ ಹುಡುಗ, ಅಂದ್ರೆ ಹೆಚ್ಚು ಕಡಿಮೆ ನಮ್ಮ ವಯಸ್ಸು.

ಕ್ಯಾರಿ ಮಲ್ಲಿಸ್ 1983ರಲ್ಲಿ ಪಿಸಿಆರ್ ವಿಧಾನ ಕಂಡುಹಿಡಿದರು. ಡಿಎನ್‌ಎಯನ್ನು ಕಾಯಿಸಿ ಎರಡು ಎಳೆ ಬಿಡಿಸೋದು, ತಣಿಸಿ ನಕಲು ಮಾಡೋದು, ಮತ್ತೆ ಕಾಯಿಸೋದು. ಪ್ರತಿ ಸುತ್ತಿಗೂ ಡಬಲ್. 30 ಸುತ್ತಿಗೆ ಎರಡರ 30ನೇ ಘಾತ, ಅಂದ್ರೆ ಲೆಕ್ಕದ ಪ್ರಕಾರ ನೂರು ಕೋಟಿಗೂ ಹೆಚ್ಚು ನಕಲು. ತೊಂದರೆ ಏನಂದ್ರೆ ಸುಮಾರು 95 ಡಿಗ್ರಿಗೆ ಕಾಯಿಸಿದಾಗ ನಕಲು ಮಾಡೋ ಕಿಣ್ವ ಕೆಟ್ಟುಹೋಗ್ತಿತ್ತು, ಪ್ರತಿ ಸುತ್ತಿಗೂ ಹೊಸದಾಗಿ ಹಾಕಬೇಕಿತ್ತು. ಆಗ ಕೈ ಹಿಡಿದಿದ್ದು ಯೆಲ್ಲೋಸ್ಟೋನ್‌ನ ಆ ಬ್ಯಾಕ್ಟೀರಿಯಾದ ಕಿಣ್ವ, ಟ್ಯಾಕ್ ಪಾಲಿಮರೇಸ್. ಅದು ಆ ಶಾಖವನ್ನು ತಡೆದುಕೊಳ್ಳುತ್ತೆ. ಮಲ್ಲಿಸ್‌ಗೆ 1993ರಲ್ಲಿ ನೊಬೆಲ್ ಬಂತು. ಕೋವಿಡ್ ಸಮಯದಲ್ಲಿ ನಮ್ಮೆಲ್ಲರ ಮೂಗಿಗೆ ಕಡ್ಡಿ ಹಾಕಿ ಮಾಡಿದ ಆರ್‌ಟಿ-ಪಿಸಿಆರ್ ಟೆಸ್ಟ್ ನಿಂತಿರೋದೂ ಇದೇ ವಿಧಾನದ ಮೇಲೆ.

ಪಿಸಿಆರ್ ಪೇಟೆಂಟುಗಳನ್ನು ರೋಶ್ ಕಂಪನಿ 30 ಕೋಟಿ ಡಾಲರಿಗೆ ಕೊಂಡುಕೊಂಡಿತು. ಬ್ಯಾಕ್ಟೀರಿಯಾ ಸಿಕ್ಕ ಉದ್ಯಾನಕ್ಕೆ ಏನೂ ಬರಲಿಲ್ಲ. ಆಮೇಲೆ 1997ರಲ್ಲಿ ಉದ್ಯಾನದವರು ಡೈವರ್ಸಾ ಅನ್ನೋ ಕಂಪನಿಯ ಜೊತೆ ಲಾಭದಲ್ಲಿ ಪಾಲು ಕೇಳೋ ಒಪ್ಪಂದ ಮಾಡಿಕೊಂಡರು. ಅದರ ಮೇಲೂ ಕೋರ್ಟ್ ಜಗಳ ಆಯಿತು. ಸಾರ್ವಜನಿಕ ಕಾಡಿನಲ್ಲಿ ಸಿಕ್ಕ ಜೀವಿಯಿಂದ ಬಂದ ದುಡ್ಡು ಯಾರದ್ದು? ಹುಡುಕಿದ ವಿಜ್ಞಾನಿಯದ್ದಾ, ಬಂಡವಾಳ ಹಾಕಿದ ಕಂಪನಿಯದ್ದಾ, ಕಾಡು ಕಾಪಾಡಿದವರದ್ದಾ? ಭಾರತದಲ್ಲಿ 2002ರ ಜೈವಿಕ ವೈವಿಧ್ಯ ಕಾಯ್ದೆ ಈ ಪ್ರಶ್ನೆಯನ್ನೇ ಎತ್ತಿಕೊಂಡಿದೆ. ಬಯೋಟೆಕ್ ಬ್ರಾಂಚಿನ ಗೆಳೆಯರಿಗೆ ನಾಳೆ ಇದು ಕಥೆಯಲ್ಲ, ಕೆಲಸ. ಕಾದಂಬರಿ ಈ ಪ್ರಶ್ನೆಯನ್ನು ಮುಟ್ಟುತ್ತೆ, ಆದರೆ ‘ಕಂಪನಿಯವರು ಕೆಟ್ಟವರು’ ಅನ್ನೋ ಸುಲಭದ ಉತ್ತರ ಹಿಡಿದು ಮುಂದೆ ಹೋಗುತ್ತೆ.

ನಮ್ಮ ಬಂಡೀಪುರದಲ್ಲಿ ಹೀಗಾಗಬಹುದಾ?

ಈ ಕಥೆ ಕೇಳಿದವರೆಲ್ಲ ಕೇಳೋ ಪ್ರಶ್ನೆ ಇದು. ಬಂಡೀಪುರಕ್ಕೆ ಒಂದು ಕಡೆ ತಮಿಳುನಾಡಿನ ಮುದುಮಲೆ, ಇನ್ನೊಂದು ಕಡೆ ಕೇರಳದ ವಯನಾಡು. ಮೂರು ರಾಜ್ಯಗಳ ಗಡಿ ಕಾಡಿನೊಳಗೇ ಸೇರುತ್ತೆ. ಅಲ್ಲೂ ಇಂಥ ತೂತು ಇದೆಯಾ?

ಇಲ್ಲ. ಮೊದಲನೇ ಕಾರಣ, ನಮ್ಮಲ್ಲಿ ಜ್ಯೂರಿಯೇ ಇಲ್ಲ. 1959ರ ನಾನಾವತಿ ಪ್ರಕರಣದ ಗದ್ದಲದ ನಂತರ ಆ ಪದ್ಧತಿ ಕರಗುತ್ತಾ ಬಂತು, 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ತೀರ್ಪು ಕೊಡೋದು ನ್ಯಾಯಾಧೀಶರು, ಅವರ ಮನೆ ಎಲ್ಲಿದೆ ಅಂತ ಯಾರೂ ಕೇಳಲ್ಲ. ಎರಡನೇ ಕಾರಣ, ಆ ಸಂಹಿತೆಯ 177ನೇ ಕಲಂ ಅಪರಾಧ ನಡೆದ ಜಾಗದ ಕೋರ್ಟಿನಲ್ಲಿ ವಿಚಾರಣೆ ಆಗಬೇಕು ಅನ್ನುವಾಗ ‘ಸಾಮಾನ್ಯವಾಗಿ’ ಅಂತ ಒಂದು ಪದ ಸೇರಿಸಿತ್ತು. 178ನೇ ಕಲಂ ಪ್ರಕಾರ ಅಪರಾಧ ಯಾವ ಗಡಿಯೊಳಗೆ ಆಯ್ತು ಅಂತ ಖಚಿತ ಇಲ್ಲದಿದ್ದರೆ ಅದರಲ್ಲಿ ಯಾವ ಕೋರ್ಟಾದರೂ ವಿಚಾರಣೆ ಮಾಡಬಹುದಿತ್ತು. 2024ರ ಜುಲೈನಿಂದ ಜಾರಿಯಲ್ಲಿರೋ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಈ ನಿಯಮಗಳು ಉಳಿದಿವೆ. ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹೇಳೋದಾದ್ರೆ, ನಮ್ಮವರು ಒಂದು ‘ಎಲ್ಸ್’ ಬರೆದಿಟ್ಟಿದ್ದಾರೆ. ಅಮೆರಿಕದವರು ಎರಡು ‘ಇಫ್’ ಬರೆದು, ಎರಡೂ ಸುಳ್ಳಾದರೆ ಏನು ಅಂತ ಬರೆಯಲಿಲ್ಲ.

ಹಾಗಂತ ಅವರ ನಿಯಮ ದಡ್ಡತನದ್ದು ಅಂತಲ್ಲ. ಆರೋಪಿಯನ್ನು ದೂರದ ಊರಿಗೆ ಎಳೆದುಕೊಂಡು ಹೋಗಿ ಗೊತ್ತಿಲ್ಲದ ಜನರ ಮುಂದೆ ನಿಲ್ಲಿಸಬಾರದು ಅಂತ, ಪ್ರಜೆಗಳ ರಕ್ಷಣೆಗೇ ಅದನ್ನು ಬರೆದಿದ್ದು. ಒಳ್ಳೆ ಉದ್ದೇಶದ ಎರಡು ನಿಯಮ, ಅನುಕೂಲಕ್ಕಾಗಿ ಎಳೆದ ಒಂದು ಗೆರೆ. ಮೂರೂ ಬೇರೆ ಬೇರೆಯಾಗಿ ಸರಿ, ಒಟ್ಟಿಗೆ ಬಂದಾಗ ತೂತು. ನಾವು ಕಟ್ಟೋ ಸಿಸ್ಟಮ್‌ಗಳಲ್ಲೂ ಒಂದೊಂದು ಮಾಡ್ಯೂಲ್ ಟೆಸ್ಟ್ ಪಾಸ್ ಆಗಿ, ಜೋಡಿಸಿದಾಗ ಫೇಲ್ ಆಗೋದು ಹೀಗೇ.

ಕಥೆ ಬರೆಯೋ ಗೆಳೆಯರಿಗೆ

ನಮ್ಮ ಸಂಘಕ್ಕೆ ಕಥೆ ಕಳಿಸೋರಲ್ಲಿ ಬಹಳ ಜನ ‘ಒಂದು ಮಸ್ತ್ ಐಡಿಯಾ ಇದೆ’ ಅಂತಲೇ ಶುರು ಮಾಡ್ತಾರೆ. ಐಡಿಯಾ ಕಥೆ ಅಲ್ಲ ಅನ್ನೋದಕ್ಕೆ ‘ಫ್ರೀ ಫೈರ್’ಗಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. ಜಗತ್ತಿನಲ್ಲೇ ವಿಚಿತ್ರವಾದ ಕಾನೂನಿನ ಲೋಪ, ಅದ್ಭುತವಾದ ಕಾಡು, ನೊಬೆಲ್‌ವರೆಗೂ ಹೋದ ಬ್ಯಾಕ್ಟೀರಿಯಾದ ಹಿನ್ನೆಲೆ, ಮೂರೂ ಲೇಖಕರ ಕೈಯಲ್ಲಿದ್ದವು. ಮೂರನ್ನೂ ಒಂದೇ ಪುಸ್ತಕದಲ್ಲಿ ಹಾಕಿದರು, ಒಂದನ್ನೂ ಕೊನೆವರೆಗೆ ಬೆನ್ನು ಹತ್ತಲಿಲ್ಲ.

ಆದ್ದರಿಂದ ಬರೆಯೋ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಕಥೆ ಮೊದಲ ಪುಟದಲ್ಲಿ ಓದುಗನ ತಲೆಗೆ ಹಾಕೋ ಪ್ರಶ್ನೆಯನ್ನು ಒಂದು ಚೀಟಿ ಮೇಲೆ ಬರೆದಿಡಿ. ಬರೆದು ಮುಗಿಸಿದ ಮೇಲೆ ಕೊನೆಯ ಪುಟದ ಪಕ್ಕ ಆ ಚೀಟಿ ಇಟ್ಟು ನೋಡಿ. ಉತ್ತರ ಅದೇ ಪ್ರಶ್ನೆಯದ್ದಾ, ಇಲ್ಲಾ ಬೇರೆ ಯಾವುದೋ ಸುಲಭದ ಪ್ರಶ್ನೆಯದ್ದಾ? ಬೇರೆಯದ್ದಾಗಿದ್ದರೆ ಇನ್ನೊಂದು ಡ್ರಾಫ್ಟ್ ಬಾಕಿ ಇದೆ ಅಂತ ಅರ್ಥ.

‘ಫ್ರೀ ಫೈರ್’ ಓದಬೇಕಾ? ಬಸ್ಸಿನಲ್ಲಿ ಊರಿಗೆ ಹೋಗುವಾಗ ಓದೋಕೆ ಅಡ್ಡಿಯಿಲ್ಲ. ಮೊದಲ ಮೂರು ಅಧ್ಯಾಯ ಆದ ಮೇಲೆ ಪುಸ್ತಕ ಮುಚ್ಚಿ, ಇಲ್ಲಿಂದ ಮುಂದೆ ನೀವಾಗಿದ್ದರೆ ಹೇಗೆ ಬರೀತಿದ್ರಿ ಅಂತ ಹತ್ತು ನಿಮಿಷ ಯೋಚಿಸಿ. ನಿಮಗೆ ಹೊಳೆದದ್ದು ಬಾಕ್ಸ್ ಬರೆದದ್ದಕ್ಕಿಂತ ಚೆನ್ನಾಗಿದ್ದರೆ ಅದನ್ನು ಕನ್ನಡದಲ್ಲಿ ಬರೆದು ನಮಗೆ ಕಳಿಸಿ. ಇಲ್ಲೇ ಹಾಕೋಣ.